ಬೊಕ್ಕೆ ಏಳುವ ಚರ್ಮಕ್ಕೆ ಯಾವ ಪಟ್ಟಿ?

ಎಲ್ಲರಿಗೂ ನಮಸ್ಕಾರ. ನಿನ್ನೆ ಶಿರಸಿಯ ಅಕ್ಕ ಮಗುವಿನ ಮೊಣಕಾಲಿನ ಫೋಟೋ ಹಾಕಿ, ಗಾಯಕ್ಕೆ ಯಾವ ಪಟ್ಟಿ ಕಟ್ಟಬೇಕು ಅಂತ ಕೇಳಿದ್ದರಲ್ವಾ, ಅದಕ್ಕೇ ಇದು.

ಎಪಿಡರ್ಮೋಲೈಸಿಸ್ ಬುಲ್ಲೋಸಾ, ಅಂದರೆ ಸ್ವಲ್ಪ ಉಜ್ಜಿದರೂ ಚರ್ಮದ ಮೇಲೆ ಬೊಕ್ಕೆ ಏಳುವ ಕಾಯಿಲೆ, ಇರುವ ಮಕ್ಕಳಿಗೆ ಅಂಟುವ ಪ್ಲಾಸ್ಟರ್ ಬೇಡವೇ ಬೇಡ. ನನ್ನ ಮಗಳಿಗೆ ಒಂದು ಕಡೆ ಸಲೈನ್ ಸೂಜಿ ನಿಲ್ಲಲಿ ಅಂತ ಟೇಪ್ ಹಚ್ಚಿದ್ದರು. ತೆಗೆದಾಗ ಟೇಪಿನಷ್ಟೇ ಅಗಲಕ್ಕೆ ಚರ್ಮ ಕಿತ್ತು ಬಂತು. ಆ ಕೆಂಪು ಪಟ್ಟೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಟೇಪ್ ಹಚ್ಚಬೇಡಿ ಅಂತ ಮೊದಲೇ ಹೇಳಿಬಿಡಿ.

ಗಾಯಕ್ಕೆ ತಾಗುವ ಪದರ ಸಿಲಿಕೋನ್‌ನದಾಗಿರಲಿ, ಮೆಪಿಟೆಲ್ ಅನ್ನುವ, ಗಾಯಕ್ಕೆ ಅಂಟಿಕೊಳ್ಳದ ಪಟ್ಟಿ ಥರದ್ದು. ಅದರ ಮೇಲೆ ಗಾಯದಿಂದ ಒಸರುವ ನೀರು ಹೀರುವ ಮೆತ್ತನೆಯ ಫೋಮ್. ಟೇಪ್ ಬದಲು ಕೊಳವೆಯಂಥ ಬ್ಯಾಂಡೇಜ್ ಏರಿಸಿದರೆ ಸಾಕು, ಬಿಗಿ ಮಾಡಬೇಡಿ. ದುಬಾರಿ, ನಿಜ. ಆಗದಿದ್ದರೆ ವ್ಯಾಸಲೀನ್ ಚೆನ್ನಾಗಿ ಸವರಿದ ಗಾಜ್ ಬಳಸಬಹುದು, ಒಣಗುವ ಮೊದಲೇ ಬದಲಿಸಬೇಕು. ಬರೀ ಹತ್ತಿ ಇಡಬೇಡಿ, ಎಳೆ ಗಾಯಕ್ಕೆ ಹಿಡಿದುಕೊಳ್ಳುತ್ತದೆ. ಪಟ್ಟಿ ಅಂಟಿದ್ದರೆ ಎಳೆಯಬೇಡಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸುತ್ತಾ ಕೂರಿ, ತಾನಾಗಿ ಬಿಡುತ್ತದೆ.

ಬೊಕ್ಕೆ ಹಾಗೇ ಬಿಟ್ಟರೆ ಹರಡುತ್ತಾ ಹೋಗುತ್ತದೆ. ಸ್ಟೆರೈಲ್ ಸೂಜಿಯಿಂದ ಕೆಳಬದಿಯಲ್ಲಿ ಚುಚ್ಚಿ ನೀರು ಇಳಿಸಬೇಕು, ಮೇಲಿನ ಸಿಪ್ಪೆ ತೆಗೆಯಬಾರದು. ಮೊದಲ ಸಲ ಡಾಕ್ಟರ್ ಅಥವಾ ನರ್ಸ್ ಹತ್ತಿರ ಕಲಿತೇ ಮಾಡಿ.

ಕಾರವಾರ, ಕುಮಟಾ ಕಡೆಯವರು ಸೆಕೆಗಾಲದಲ್ಲಿ ಜಾಸ್ತಿ ನೋಡಿಕೊಳ್ಳಿ. ಬೆವರಿಗೆ ಪಟ್ಟಿ ಬೇಗ ಒದ್ದೆಯಾಗಿ ಜಾರುತ್ತದೆ. ಕೆಟ್ಟ ವಾಸನೆ, ಕೀವು, ಜ್ವರ ಕಂಡರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಅಕ್ಕಾ, ಇನ್ನೊಂದು. ಮಗುವಿನ ಬನಿಯನ್ ತಿರುಗಿಸಿ ಹಾಕಿ, ಹೊಲಿಗೆ ಹೊರಗಿದ್ದರೆ ಮೈಗೆ ಉಜ್ಜುವುದಿಲ್ಲ.