ಕುರ್ಚಿ ರಿಪೇರಿ ಮಾಡಿದವರಿಗೂ, ನಗದೆ ಕೂತವರಿಗೂ

ಕಾರವಾರದಲ್ಲಿ ಐದು ದಿನ ಐದು ಆಟ ಮುಗಿಸಿ ಕುಮಟೆಗೆ ಬಂದು ಎರಡು ವಾರವಾಯಿತು. ಚೀಲ ಇನ್ನೂ ಬಿಚ್ಚಿಲ್ಲ. ಕೋಡಂಗಿ ಆಟಕ್ಕೆ ಹಾಕುವ ಕೆಂಪು ಮೂಗೊಂದನ್ನು ಮಾತ್ರ ತೊಳೆದು ಅಡುಗೆಮನೆ ಕಿಟಕಿಯ ಸರಳಿಗೆ ಸಿಕ್ಕಿಸಿದ್ದೇನೆ. ಬೆವರು ಕುಡಿದ ಮೂಗು ಮೂರನೇ ದಿನಕ್ಕೆ ಎಂಥ ವಾಸನೆ ಹೊಡೆಯುತ್ತದೆ ಅನ್ನುವುದನ್ನು ಯಾವ ಶಿಬಿರದಲ್ಲೂ ಹೇಳಿಕೊಡುವುದಿಲ್ಲ.

ಉಪಕಾರ ನೆನೆಯಬೇಕಾದವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ, ಫೋನ್ ನಂಬರಂತೂ ಇಲ್ಲವೇ ಇಲ್ಲ. ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ. ಓದಿದವರಿಗೆ ಯಾರದಾದರೂ ಗುರುತು ಹತ್ತಿದರೆ ಅವರಿಗೆ ಮುಟ್ಟಿಸಿ.

ಈ ಆಟ ಕಾರವಾರಕ್ಕೆ ಬರಬೇಕಾಗಿದ್ದು 2024ರ ಆಗಸ್ಟಿನಲ್ಲಿ. ಆ ವರ್ಷ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕರಾವಳಿಯಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲ ಮಾತು "ಎಲ್ಲಿದ್ದೀರಿ?" ಎಂದೇ ಆಗಿದ್ದ ದಿನಗಳು ಅವು. ಗುಡ್ಡದ ಮಣ್ಣಿನಲ್ಲಿ ಕಾಣೆಯಾದವರಿಗಾಗಿ ಗಂಗಾವಳಿ ನದಿಯಲ್ಲಿ ಇನ್ನೂ ಹುಡುಕಾಟ ನಡೆದಿರುವಾಗ ಮೂಗು ಸಿಕ್ಕಿಸಿಕೊಂಡು ಕುಣಿಯಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಮುಂದೆ ಹಾಕಿದೆವು. ಮುಂದೆ ಹಾಕಿದ್ದು ಮತ್ತೆ ಹಿಂದಕ್ಕೆ ಬರುವಷ್ಟರಲ್ಲಿ ತಾಲೀಮಿನಲ್ಲಿ ಬಿದ್ದು ಬಲಮಂಡಿಯ ಲಿಗಮೆಂಟ್ ಹರಿದುಕೊಂಡೆ. ಎಂಟು ತಿಂಗಳು ಮನೆಯಲ್ಲಿ. ದುಡ್ಡು ಕೊಡುತ್ತೇನೆಂದು ಕೊಡದವರು ಒಬ್ಬರಿದ್ದಾರೆ, ಅವರ ಸುದ್ದಿ ಬೇಡ. ಫಿಸಿಯೋಥೆರಪಿ ಮಾಡಿದ ತಂಗಿಯ ಸುದ್ದಿ ಬೇಕು. ನಾನು ಮೂವತ್ತೊಂಬತ್ತರ ಹೆಂಗಸು, ಕೆಲಸ ಕೋಡಂಗಿಯದ್ದು ಎಂದಾಗ "ಕುಣಿಯೋದು ಬಿಟ್ಟುಬಿಡಿ" ಅಂದಾಳು ಅಂದುಕೊಂಡಿದ್ದೆ. ಅವಳು ನೋಟ್‌ಬುಕ್ ತೆಗೆದು, "ಅಕ್ಕಾ, ಎಷ್ಟು ಎತ್ತರದಿಂದ ಬೀಳ್ತೀರಿ ಅಂತ ಸರಿಯಾಗಿ ಹೇಳಿ. ಮಂಡಿಯನ್ನ ಅಲ್ಲಿಗೆ ತರೋಣ" ಅಂದಳು. ಎರಡಡಿ ಅಂದೆ. ಎರಡಡಿಗೆ ತಂದಳು. ಅವಳ ಋಣ ದೊಡ್ಡದು.

ಇನ್ನು ಫ್ರಿಂಜ್. ನಾನು ಫ್ರಿಂಜ್ ಹಬ್ಬಕ್ಕೆ ಹೋಗ್ತೇನೆ ಅಂದದ್ದು ನಮ್ಮ ಓಣಿಯಲ್ಲಿ ಫ್ರಿಜ್ ಹಬ್ಬ ಎಂದು ಸುದ್ದಿಯಾಗಿ, ಪಕ್ಕದ ಮನೆ ಅಕ್ಕ ಬೇಲಿಯಾಚೆಯಿಂದ, "ಎಕ್ಸ್‌ಚೇಂಜ್ ಆಫರ್ ಇದ್ರೆ ಹೇಳೇ, ನಮ್ಮದರಲ್ಲಿ ಐಸೇ ಕಟ್ತಿಲ್ಲ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ ದೊಡ್ಡ ಅಂತಾರಾಷ್ಟ್ರೀಯ ಉತ್ಸವ ಶುರುವಾಯಿತು. ಕರೆಯದೇ ಇದ್ದ ಎಂಟು ನಾಟಕ ತಂಡಗಳೂ ಬಂದು, ಸಿಕ್ಕಸಿಕ್ಕ ಜಾಗದಲ್ಲಿ ತಮ್ಮ ಪಾಡಿಗೆ ಆಡಿದವು. ಮರುವರ್ಷ ರಾಬರ್ಟ್ ಕೆಂಪ್ ಎಂಬ ಬರಹಗಾರರು ಇಂಥ ಆಟಗಳಿಗೆ ಫ್ರಿಂಜ್ ಎಂಬ ಮಾತು ಬಳಸಿದರು, ಅಂದರೆ ಅಂಚು. ಅದೇ ಹೆಸರು ನಿಂತಿತು. ಅಲ್ಲಿ ಆಯ್ಕೆ ಸಮಿತಿ ಇಲ್ಲ, ಜಾಗ ಹೊಂದಿಸಿಕೊಂಡವರು ಆಡಬಹುದು. ಅಕ್ಕ ಕೇಳಿಸಿಕೊಂಡು, "ತೇರಿನ ದಿನ ಕಮಿಟಿಯವರನ್ನ ಕೇಳದೆ ರಸ್ತೆ ಬದಿಗೆ ಬಳೆ ಹರಡ್ಕಂಡು ಕೂರ್ತಾರಲ್ಲ, ಹಾಂಗೆ" ಅಂದರು. ಇಷ್ಟು ಚೆಂದದ ವಿವರಣೆ ನಾನು ಬೇರೆಲ್ಲೂ ಕೇಳಿಲ್ಲ. ಕಾರವಾರದ ಗೆಳೆಯರು ಮಾಡಿದ್ದೂ ಅದನ್ನೇ. ಅರವತ್ತು ಪ್ಲಾಸ್ಟಿಕ್ ಕುರ್ಚಿಯ ಒಂದು ಹಳೇ ಸಭಾಭವನ, ಬಾಗಿಲಲ್ಲಿ ಟಿಕೆಟ್ ಇಲ್ಲ, ಕೊನೆಗೆ ಜೋಳಿಗೆ. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಚೀಟಿ ಹಂಚಿದೆವು. ಚಿನ್ನದ ಸಾಲದ ಜಾಹೀರಾತು ಎಂದುಕೊಂಡು ಬಹಳ ಜನ ಮಡಚಿ ಜೇಬಿಗೆ ಹಾಕಿಕೊಂಡರು.

ಕಾರವಾರಕ್ಕಿಂತ ಮೊದಲು ಶಿರಸಿ ಹತ್ತಿರದ ಒಂದು ಮನೆಯಂಗಳದಲ್ಲಿ ಮಂಡಿ ಪರೀಕ್ಷೆಗೆಂದು ಒಮ್ಮೆ ಆಡಿದ್ದೆ. ಆ ಮನೆಯವರಿಗೆ ಉಳಿದೆಲ್ಲರಿಗಿಂತ ಹೆಚ್ಚು ಕೃತಜ್ಞಳು, ಸಿಟ್ಟೂ ಸ್ವಲ್ಪ ಇದೆ. ಅಂಗಳದ ತುಂಬ ತಾಳಮದ್ದಲೆ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಕಿವಿ ಪಳಗಿದ ಜನ. ನನ್ನದು ಮಾತೇ ಇಲ್ಲದ ಒಂದು ತಾಸಿನ ಆಟ: ಒಬ್ಬ ಹೆಂಗಸು, ಒಂದು ಕೊಡೆ, ಒಂದು ಚೀಲ, ಒಂದು ಮಡಚುವ ಕುರ್ಚಿ; ಅವಳು ಬಾರದ ಬಸ್ಸಿಗೆ ಕಾಯುತ್ತಾಳೆ, ಅಷ್ಟೇ. ಒಬ್ಬರೂ ನಗಲಿಲ್ಲ. ಕವಳ ಜಗಿಯುವ ಸದ್ದು ಕೇಳುತ್ತಿತ್ತು. ನಲವತ್ತನೇ ನಿಮಿಷಕ್ಕೆ ನಾನು ಮನಸ್ಸಿನಲ್ಲೇ ಬೇರೆ ಉದ್ಯೋಗ ಹುಡುಕುತ್ತಿದ್ದೆ. ಮುಗಿದ ಮೇಲೆ ಯಾರೂ ಏಳಲಿಲ್ಲ. ಕಷಾಯ ಬಂತು. ಮನೆಯ ಹಿರಿಯರು ಕವಳ ಉಗಿದು ಬಂದು ಹೇಳಿದರು: "ನಂಗೆ ನಗೆಯೇ ಬಂಜಿಲ್ಲೆ ತಂಗಿ. ಆದ್ರೆ ಎದ್ದು ಹೋಪಲೂ ಮನಸ್ಸಾಜಿಲ್ಲೆ."

ಆಮೇಲೆ ಒಂದೂವರೆ ತಾಸು ಚರ್ಚೆ. ಬೆವರು ಒಣಗಿ ಚಳಿ ಹತ್ತಿದರೂ ಬಿಡಲಿಲ್ಲ. ಅವರ ತಕರಾರು ಇದು: ಯಕ್ಷಗಾನದ ಹಾಸ್ಯಗಾರನಿಗೆ ಹಾಡುತ್ತ ಆಟ ನಡೆಸುವ ಭಾಗವತರಿದ್ದಾರೆ. ಮಾತು ಮುಗ್ಗರಿಸಿದರೆ ಅವರ ಕಡೆ ತಿರುಗಿ ಒಂದು ಪ್ರಶ್ನೆ ಎಸೆಯುತ್ತಾನೆ, ಅವರು ಎತ್ತಿಕೊಳ್ಳುತ್ತಾರೆ, ಆಟ ಮುಂದೆ ಹೋಗುತ್ತದೆ. "ನಿಂಗೆ ಭಾಗವತ್ರಿಲ್ಲೆ. ಸಿಕ್ಕಿಬಿದ್ರೆ ಯಾರ ಮುಖ ನೋಡ್ತೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಸುಮ್ಮನೆ ಕಷಾಯ ಕುಡಿದೆ.

ಕಾರವಾರದ ಮೊದಲ ದಿನ ಹನ್ನೊಂದು ಜನ. ಅದರಲ್ಲಿ ಇಬ್ಬರು ಸೌಂಡಿನವರು. ನನಗೆ ಬೇಜಾರೇನೂ ಆಗಲಿಲ್ಲ, ಯಾಕೆಂದರೆ ನಾನು ಹೊನ್ನಾವರ ತಾಲೂಕಿನಲ್ಲಿ ಬೆಳೆದವಳು. 1934ರಲ್ಲಿ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಆಟ ಎಂದರೆ ಅಪ್ಪ ಕಂಬಳಿ ಸಮೇತ ಕರೆದುಕೊಂಡು ಹೋಗುತ್ತಿದ್ದ. ಅವನಿಗೆ ಕಥೆ ಶುರುವಾಗುವ ಮೊದಲಿನ ಪೂರ್ವರಂಗದಿಂದಲೇ ನೋಡಬೇಕು. ಪೂರ್ವರಂಗದಲ್ಲಿ ಕೋಡಂಗಿ ವೇಷ ಬರುತ್ತದೆ. ಹೊಸದಾಗಿ ಹೆಜ್ಜೆ ಕಲಿತ ಹುಡುಗರನ್ನು ಕುಣಿಯಲಿಕ್ಕೆ ಬಿಡುವುದು ಆಗಲೇ. ಊರವರು ಆಗಿನ್ನೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಎದುರಿಗೆ ನಾವು ನಾಲ್ಕು ಮಕ್ಕಳು, ಕಡಲೆ ಮಾರುವವ, ಅಪ್ಪ. ಆ ಹುಡುಗರು ಆದರೂ ಕುಣಿಯುತ್ತಿದ್ದರು, ಅಪ್ಪ ಆದರೂ ಚಪ್ಪಾಳೆ ಹೊಡೆಯುತ್ತಿದ್ದ. ಹನ್ನೊಂದು ಜನ ಎಂದರೆ ನನ್ನ ಲೆಕ್ಕದಲ್ಲಿ ಕೋಡಂಗಿಗೆ ಭರ್ತಿ ಮನೆ. ಆ ಹನ್ನೊಂದೂ ಜನಕ್ಕೆ, ಸೌಂಡಿನವರೂ ಸೇರಿ, ನಮಸ್ಕಾರ.

ಎರಡನೇ ದಿನ ಬೈತಖೋಲದ ಕಡೆಯಿಂದ ಮೀನು ಮಾರಿ ಮುಗಿಸಿದ ಇಬ್ಬರು ಬಾಯಂದಿರು ಖಾಲಿ ಬುಟ್ಟಿ ಬಾಗಿಲ ಹೊರಗಿಟ್ಟು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಅದರಲ್ಲಿ ದಪ್ಪಗಿದ್ದವರು ಆಟದುದ್ದಕ್ಕೂ ನನಗೆ ಗಟ್ಟಿಯಾಗಿ ಬುದ್ಧಿ ಹೇಳಿದರು. ನಾನು ಕೊಡೆ ಹುಡುಕುವ ಸನ್ನಿವೇಶದಲ್ಲಿ ಕೊಡೆ ನನ್ನ ಬೆನ್ನಿಗೇ ನೇತಾಡುತ್ತಿರುತ್ತದೆ. ನಾಲ್ಕು ನಿಮಿಷ ಹುಡುಕಬೇಕು. ಒಂದನೇ ನಿಮಿಷಕ್ಕೇ ಅವರು, "ಅಗೋ, ಫಾಟಲ್ಯಾನ್ ಪಳೆ!" ಎಂದು ಕೂಗಿದರು. ಹಿಂದೆ ನೋಡಿದೆ. ನಾನು ತಿರುಗಿದರೆ ಕೊಡೆಯೂ ತಿರುಗುತ್ತದಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು. ಎದ್ದು ಬಂದು ಕೊಡೆ ಕಿತ್ತು ನನ್ನ ಕೈಗೆ ಕೊಟ್ಟು, ಹಣೆ ಚಚ್ಚಿಕೊಂಡು ಹೋಗಿ ಕೂತರು. ಸಭೆ ಬಿದ್ದು ಬಿದ್ದು ನಕ್ಕಿತು, ನನಗಲ್ಲ, ಅವರಿಗೆ. ಆ ಹಣೆ ಚಚ್ಚಿಕೊಳ್ಳುವಿಕೆಯನ್ನು ಮೂರನೇ ದಿನದಿಂದ ನಾನು ಆಟದಲ್ಲಿ ಸೇರಿಸಿಕೊಂಡಿದ್ದೇನೆ. ಕದ್ದ ಮಾಲು. ಬಾಯಿ, ಬೇಕಾದರೆ ಬಂದು ವಾಪಸು ತೆಗೆದುಕೊಳ್ಳಿ. ಜೋಳಿಗೆಗೆ ನೀವು ಹಾಕಿದ ಒಣಶೆಟ್ಲಿ (ಒಣಸಿಗಡಿ) ಪೊಟ್ಟಣ ಖಾಲಿಯಾಯಿತು, ಚಟ್ನಿ ಭರ್ಜರಿಯಾಗಿತ್ತು.

ಈಗ ಕುರ್ಚಿಯ ವಿಷಯ.

ಆ ಮಡಚುವ ಕುರ್ಚಿ ನನ್ನ ಆಟದ ಬೆನ್ನೆಲುಬು. ಗುಜರಿಯಿಂದ ತಂದು, ಹಿಂದಿನ ಎಡಗಾಲಿನ ಬೋಲ್ಟು ಸಡಿಲ ಮಾಡಿ, ಕೂತರೆ ನಿಧಾನಕ್ಕೆ ವಾಲುವ ಹಾಗೆ, ಪಕ್ಕಕ್ಕೆ ಎಳೆದರೆ ಪಟ್ಟನೆ ಮಡಚಿಕೊಳ್ಳುವ ಹಾಗೆ ಹದ ಮಾಡಲಿಕ್ಕೆ ಎರಡು ತಿಂಗಳು ಹಿಡಿದಿತ್ತು. ಒಂದು ಸುತ್ತು ಬಿಗಿಯಾದರೆ ಬೀಳುವುದಿಲ್ಲ, ಒಂದು ಸುತ್ತು ಸಡಿಲವಾದರೆ ನಾನೇ ಬೀಳುತ್ತೇನೆ. ಆಟದ ಹನ್ನೆರಡು ನಿಮಿಷ ಆ ಒಂದು ಬೋಲ್ಟಿನ ಮೇಲೆ ನಿಂತಿದೆ.

ಎರಡನೇ ದಿನ ನೋಡಿದವರಲ್ಲಿ ಒಬ್ಬರು ಆಚಾರ್ರು, ಅಂದರೆ ಬಡಗಿ, ಇದ್ದರು. ಮರುದಿನ ಬೆಳಿಗ್ಗೆ ಸ್ಕ್ರೂಡ್ರೈವರ್, ಪಾನ, ಫೆವಿಕಾಲ್ ಹಿಡಿದು ಸಭಾಭವನಕ್ಕೆ ಬಂದಿದ್ದಾರೆ. ಕಾವಲಿನವರು ನಾವೇ ಕಳಿಸಿದ್ದು ಎಂದುಕೊಂಡು ಬಾಗಿಲು ತೆಗೆದಿದ್ದಾರೆ. ಹಳೇ ಬೋಲ್ಟು ತೆಗೆದು ಹೊಸದು ಹಾಕಿ, ವಾಶರ್ ಕೂರಿಸಿ, ಸೀಳಿದ್ದ ಕಾಲಿಗೆ ಸಾಗುವಾನಿ ಚಕ್ಕೆ ಕೊಟ್ಟು ಅಂಟಿಸಿ, ಉಜ್ಜುಕಾಗದದಲ್ಲಿ ಉಜ್ಜಿ, ಒಂದು ಪೈಸೆ ಕೇಳದೆ ಹೋಗಿದ್ದಾರೆ.

ನನಗೆ ಇದು ಗೊತ್ತಾದದ್ದು ಸಂಜೆ ಏಳೂ ಇಪ್ಪತ್ತಕ್ಕೆ, ನಲವತ್ತು ಜನರ ಎದುರು.

ಕೂತೆ. ವಾಲಲಿಲ್ಲ. ಎಡಕ್ಕೆ ಒತ್ತಿದೆ, ಬಂಡೆ. ಎದ್ದು ಪಕ್ಕಕ್ಕೆ ಎಳೆದೆ, ಕುರ್ಚಿ ಪೂರ್ತಿ ಮರ್ಯಾದೆಯಿಂದ ನನ್ನ ಜೊತೆ ಬಂತು. ಒದ್ದೆ, ಮಂಡಿ ನೋಯಿತು. ಮುಂದೆ ಹನ್ನೆರಡು ನಿಮಿಷ ಖಾಲಿ. ಹೊಟ್ಟೆಯಲ್ಲಿ ಐಸು. ಪ್ಯಾರಿಸ್‌ನಲ್ಲಿ 1956ರಲ್ಲಿ ಶಾಲೆ ತೆರೆದ ಜಾಕ್ ಲೆಕಾಕ್ ಅವರ ಪರಂಪರೆಯಲ್ಲಿ ಕೋಡಂಗಿಯ ಪಾಠದ ಮೊದಲ ಅಕ್ಷರವೇ ಸೋಲು: ನಗಿಸಲು ಹೋದದ್ದು ನೆಲಕಚ್ಚಿದರೆ ಮುಚ್ಚಬೇಡ, ನೆಲಕಚ್ಚಿತು ಎಂದು ಜನಕ್ಕೆ ತೋರಿಸು. ನಾನು ಪ್ಯಾರಿಸ್ ನೋಡಿದವಳಲ್ಲ, ಅಲ್ಲಿ ಕಲಿತವರ ಹತ್ತು ದಿನದ ಶಿಬಿರದಲ್ಲಿ ಕೂತವಳು. ಶಿಬಿರದಲ್ಲಿ ಇದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಶಿರಸಿ ಅಂಗಳದ ಪ್ರಶ್ನೆ. ಯಾರ ಮುಖ ನೋಡ್ತೆ?

ನೋಡಿದೆ. ಮೂರನೇ ಸಾಲಿನ ತುದಿಯಲ್ಲಿ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಮುಖದ ತುಂಬ ಸಂತೋಷ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ, ಕುರ್ಚಿಯನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, 'ಈಗ ಹೇಗಿದೆ?' ಎಂಬಂತೆ ಸಣ್ಣಗೆ ಗೋಣು ಹಾಕಿದರು.

ನನಗೆ ಎಲ್ಲ ಅರ್ಥವಾಯಿತು. ಮೆಲ್ಲಗೆ ಕೂತೆ. ಕಾಲ ಮೇಲೆ ಕಾಲು ಹಾಕಿದೆ. ಈ ಹೆಂಗಸು ಎರಡು ತಿಂಗಳಲ್ಲಿ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಅವಳಿಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಬೆನ್ನು ಆನಿಸಿದೆ. ಕೈ ಎಲ್ಲಿಡುವುದು? ಆಚಾರ್ರ ಕಡೆ ನೋಡಿದೆ. ಅವರು ತಮ್ಮ ಕೈಯನ್ನು ತೊಡೆಯ ಮೇಲಿಟ್ಟು ತೋರಿಸಿದರು. ಹಾಗೇ ಇಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭೆ. ಹನ್ನೆರಡು ನಿಮಿಷವೂ ನಾನು ಆ ಕುರ್ಚಿಯಿಂದ ಏಳಲಿಲ್ಲ. ಬೀಳದೇ ಇರುವುದರಿಂದ ಇಷ್ಟು ನಗೆ ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮುಗಿದ ಮೇಲೆ ಆಚಾರ್ರು ಬಂದು, ನಿನ್ನೆ ನೀವು ಬಿದ್ದದ್ದು ನೋಡಿ ರಾತ್ರಿ ನಿದ್ದೆ ಬರಲಿಲ್ಲ ಎಂದರು. ನಾನು ನಿಜ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ. ದಯವಿಟ್ಟು ತಪ್ಪು ತಿಳಿಯಬೇಡಿ.

ನಾಲ್ಕನೇ ದಿನ ಒಂದು ಮಗು ಮೂಗು ಕಂಡು ಕಿಟಾರನೆ ಕಿರುಚಿತು. ಅದರ ಅಜ್ಜಿ, "ತಂಗೀ, ಒಂದು ಗಳಿಗೆ ಅದನ್ನ ತೆಗಿ, ಹುಡುಗ ಹೆದರ್ತದೆ" ಅಂದರು. ಜನರೆದುರು ಮೂಗು ತೆಗೆಯಬಾರದು ಎಂದು ನನಗೆ ಕಲಿಸಿದ್ದು. ಜಗತ್ತಿನ ಅತಿ ಚಿಕ್ಕ ಮುಖವಾಡ ಅನ್ನುತ್ತಾರೆ ಅದಕ್ಕೆ. ಅಜ್ಜಿ ಹೇಳಿದ ಮೇಲೆ ಮುಗಿಯಿತು. ತೆಗೆದು ಕುರ್ಚಿಯ ಮೇಲಿಟ್ಟು ಅರ್ಧ ಆಟ ಹಾಗೇ ಆಡಿದೆ. ಹುಡುಗ ಆಮೇಲೆ ಕುರ್ಚಿಯನ್ನೇ ನೋಡುತ್ತ ಕೂತಿದ್ದ, ನನ್ನನ್ನಲ್ಲ.

ಐದನೇ ದಿನ ಜನ ಕಡಿಮೆ, ಊರಲ್ಲಿ ಮೂರು ಮದುವೆ ಇತ್ತಂತೆ. "ಮೇಡಂ, ಇದರಲ್ಲಿ ಸಂದೇಶ ಎಂತದು?" ಎಂದು ಕೇಳಿದ ಮೂವರಿಗೂ ಬಸ್ಸು ತಪ್ಪಿಸಿಕೊಳ್ಳಬೇಡಿ ಎಂದಿದ್ದೇನೆ. "ಹಗಣದ ಸೋಗಿನಾಟದಲ್ಲಿ ಗಂಡಸ್ರು ಸೀರೆ ಉಟ್ರೆ ನಗ್ತೇವೆ, ನೀನು ಪ್ಯಾಂಟ್ ಹಾಕಿದ್ರೆ ಯಾಕೋ ಅಳು ಬರ್ತದೆ" ಎಂದ ಅಂಕೋಲೆಯ ಚಿಕ್ಕಮ್ಮನ ಮಾತನ್ನು ಇನ್ನೂ ಜಗಿಯುತ್ತಿದ್ದೇನೆ. ಜೋಳಿಗೆಯಲ್ಲಿ ಒಟ್ಟು 7,340 ರೂಪಾಯಿ, ಎರಡು ಚಾಲಿ ಅಡಿಕೆ, ಅಂಕೋಲೆ ಬಸ್ಸಿನ ಹರಿದ ಟಿಕೆಟ್. ಸೌಂಡು, ಊಟ, ಬಸ್ ಚಾರ್ಜು ಕಳೆದು ಉಳಿದದ್ದರಲ್ಲಿ ಮಂಡಿಯ ಬೆಲ್ಟು ಬಂತು.

ಮುಂದಿನ ತಿಂಗಳು ಯಲ್ಲಾಪುರದಲ್ಲಿ ಆಟ. ಗುಜರಿಯಿಂದ ಇನ್ನೊಂದು ಕುರ್ಚಿ ತಂದಿದ್ದೇನೆ, ಬೋಲ್ಟು ಹದ ಮಾಡುತ್ತಿದ್ದೇನೆ. ಆಚಾರ್ರೇ, ನೀವು ಬರಲೇಬೇಕು. ಬರಿಗೈಲಿ ಬನ್ನಿ. ನೀವು ಸರಿಮಾಡಿದ್ದು ನಮ್ಮ ಜಗಲಿಯಲ್ಲಿದೆ, ಅಮ್ಮ ಅದರ ಮೇಲೆ ಕೂತು ಬಸಳೆ ಸೋಸುತ್ತಿದ್ದಾಳೆ.