ಕ್ಲಿನಿಕ್ಕು ಆಸ್ಪತ್ರೆಯೊಂದಿಗೆ ಸೇರುತ್ತಿರುವ ವಿಚಾರ: ನಮ್ಮ ರೋಗಿಗಳಿಗೂ ಮನೆಯವರಿಗೂ

ಆತ್ಮೀಯರೇ,

ಮುಂದಿನ ತಿಂಗಳ ಮೊದಲ ಸೋಮವಾರದಿಂದ ನಮ್ಮ ಹೃದ್ರೋಗ ಕ್ಲಿನಿಕ್ಕು, ಈ ಕಾಗದದ ತಲೆಯಲ್ಲಿ ಹೆಸರಿರುವ ಆಸ್ಪತ್ರೆಯ ವಿಭಾಗವಾಗಿ ನಡೆಯುತ್ತದೆ. ನೋಡುವ ಡಾಕ್ಟರು ನಾನೇ, ಇಸಿಜಿ ತೆಗೆಯುವ ಸಿಸ್ಟರ್ ಅವರೇ. ಕ್ಲಿನಿಕ್ಕು ಆಸ್ಪತ್ರೆಯ ಜಾಗಕ್ಕೆ ಹೋಗುತ್ತದೆ; ಅದರ ಜೊತೆ ಬೋರ್ಡು, ಬಿಲ್ಲು ಮತ್ತು ನಿಮ್ಮ ಫೈಲು ಇರುವ ಜಾಗ ಮಾತ್ರ ಬದಲಾಗುತ್ತವೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬರುವವರು ಬಸ್ಸಿಳಿದು ಮತ್ತೆ ಆಟೋ ಹಿಡಿಯಬೇಕಾಗುತ್ತದೆ. ಈ ಮಳೆಗಾಲದಲ್ಲಿ ಅದು ತೊಂದರೆಯೇ, ಕ್ಷಮೆ ಇರಲಿ. ಎಕೋ (ಹೃದಯದ ಸ್ಕ್ಯಾನ್) ದರವೂ ಸ್ವಲ್ಪ ಏರುತ್ತದೆ. ನನ್ನ ತಪಾಸಣಾ ಶುಲ್ಕ ಏರುವುದಿಲ್ಲ. ದರಪಟ್ಟಿ ಕೌಂಟರಿನ ಪಕ್ಕದಲ್ಲಿಯೇ ಇರುತ್ತದೆ, ಓದಿ ನೋಡಿ, ಅರ್ಥವಾಗದಿದ್ದರೆ ಕೇಳಿ.

ದರದ ಮಾತು ಬಂದಾಗ ಒಂದು ಸಂಗತಿ ಹೇಳದೆ ಇರಲಾರೆ. ಕ್ಲಿನಿಕ್ಕಿನ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಎಕೋ ಯಂತ್ರದ ವಾರ್ಷಿಕ ನಿರ್ವಹಣೆಯ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಕಟ್ಟುವವರು ನಾವು. ನಿಮ್ಮಿಂದ ತೆರಿಗೆ ವಸೂಲಿ ಮಾಡದ ಕಾರಣಕ್ಕೇ ಆ ಹಣ ನಮಗೆ ವಾಪಸು ಸಿಗುವುದಿಲ್ಲ. ತಾವು ಕಟ್ಟಿದ ತೆರಿಗೆಯನ್ನು ಗಿರಾಕಿಗಳಿಂದ ಪಡೆದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ ಅಂಗಡಿಯವರಿಗಿದೆ, ಕ್ಲಿನಿಕ್ಕಿಗಿಲ್ಲ. ಎಕೋ ಮಾಡುವಾಗ ಎದೆಯ ಮೇಲಿಡುವ ಪ್ರೋಬ್ ಒಂದು ಕೆಟ್ಟರೆ ಲಕ್ಷಗಳ ಮಾತು. ಕರೆಂಟು ಹೋಗಿ ಬರುವ ನಮ್ಮ ಜುಲೈ ತಿಂಗಳಲ್ಲಿ ಯುಪಿಎಸ್ ಬ್ಯಾಟರಿಗಳ ಆಯುಷ್ಯವೂ ಅಷ್ಟಕ್ಕಷ್ಟೆ. ಜೈವಿಕ ತ್ಯಾಜ್ಯ ಒಯ್ಯುವವರಿಗೆ ಪ್ರತಿ ತಿಂಗಳು ಬೇರೆ. ಇಷ್ಟನ್ನೂ ಹೊತ್ತು ದರ ಹಿಡಿದಿಟ್ಟುಕೊಂಡವರನ್ನು ‘ದುಬಾರಿ ಡಾಕ್ಟರು’ ಎಂದಾಗ ಬೇಸರವಾಗುತ್ತದೆ.

ಈಗ ಎಲ್ಲ ಕಡೆಯಿಂದ ಕಿವಿಗೆ ಬೀಳುತ್ತಿರುವ ಮಾತಿಗೆ ಬರುತ್ತೇನೆ: ‘ಇನ್ನು ಇವರು ಆಸ್ಪತ್ರೆಯವರು, ಹೋದವರಿಗೆಲ್ಲ ಆಂಜಿಯೋಗ್ರಾಂ, ಆಮೇಲೆ ಸ್ಟೆಂಟ್.’ ಆಂಜಿಯೋಗ್ರಾಂ ಎಂದರೆ ಹೃದಯದ ರಕ್ತನಾಳಗಳಿಗೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರ, ಸ್ಟೆಂಟ್ ಎಂದರೆ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ. ನನ್ನ ಒಪ್ಪಂದದಲ್ಲಿ ತಿಂಗಳ ಸಂಬಳವಿದೆ. ಎಷ್ಟು ಸ್ಟೆಂಟ್ ಹಾಕಿಸಿದೆ ಎಂಬುದಕ್ಕೆ ಕಮಿಷನ್ ಇಲ್ಲ. ಅದನ್ನು ಬರೆಸಿಕೊಂಡ ಮೇಲೆಯೇ ಸಹಿ ಹಾಕಿದ್ದು. ಏರು ಹತ್ತುವಾಗ ಮಾತ್ರ ಎದೆ ಬಿಗಿದು, ನಿಂತರೆ ಸರಿಹೋಗುವ, ಹಲವು ಕಾಲದಿಂದ ಒಂದೇ ತೆರನಾಗಿರುವ ನೋವಿಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತ್ರೆಯೇ. ಕುಳಿತಲ್ಲೇ ನೋವು ಬರುತ್ತಿದ್ದರೆ, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಲೆಕ್ಕ ಬೇರೆ. ಆಗ ಆಂಜಿಯೋಗ್ರಾಂ ಬೇಡ ಎನ್ನುವವನೇ ತಪ್ಪು ಮಾಡಿದ ಹಾಗೆ. ಸ್ಟೆಂಟಿನ ಬೆಲೆಗೆ 2017ರಿಂದ ಕೇಂದ್ರ ಸರ್ಕಾರದ ಮಿತಿ ಇದೆ. ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಲು ಕೇಳಿ. ಆಂಜಿಯೋಗ್ರಾಂ ಆದರೆ ಅದರ ಚಿತ್ರಗಳ ಸಿ.ಡಿ. ನಿಮ್ಮ ಕೈಗೆ ಕೊಡುತ್ತೇವೆ. ಅದನ್ನು ಬೆಂಗಳೂರಿಗೋ ಮಣಿಪಾಲಕ್ಕೋ ಒಯ್ದು ಇನ್ನೊಬ್ಬರಿಗೆ ತೋರಿಸಿದರೆ ನಾನು ಮುನಿಸಿಕೊಳ್ಳುವವನಲ್ಲ. ಹೀಗೆ ತೋರಿಸಿಕೊಂಡು ಮರಳಿ ನಮ್ಮಲ್ಲಿಗೇ ಬಂದವರು ನಿಮ್ಮಲ್ಲಿಯೇ ಇದ್ದಾರೆ!

ಸೇರಿದ್ದೇಕೆ ಎಂದರೆ, ನಮ್ಮಲ್ಲಿ ಆಂಜಿಯೋಗ್ರಾಂ ಮಾಡುವ, ಸ್ಟೆಂಟ್ ಹಾಕುವ ಕೊಠಡಿಯಾದ ಕ್ಯಾಥ್ ಲ್ಯಾಬ್ ಇರಲಿಲ್ಲ, ಐಸಿಯು ಇರಲಿಲ್ಲ. ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತದಲ್ಲಿ ಅದನ್ನು ತೆರೆಯುವ ಆಂಜಿಯೋಪ್ಲಾಸ್ಟಿಯನ್ನು ಸುಮಾರು 120 ನಿಮಿಷಗಳೊಳಗೆ ಮಾಡಲಾಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಕೊಡಬೇಕು. ನಾವು ಇಸಿಜಿ ತೆಗೆದು, ಆಸ್ಪಿರಿನ್ ಕೊಟ್ಟು ಕಳಿಸಿದರೆ, ಹೋದಲ್ಲಿ ಮತ್ತೆ ಇಸಿಜಿ, ಮತ್ತೆ ಹೆಸರು ಬರೆಸುವುದು, ಮತ್ತೆ ಮುಂಗಡ ಎಂದು ಆ ನಿಮಿಷಗಳು ಕಳೆದುಹೋಗುತ್ತಿದ್ದವು. ಇನ್ನು ನಮ್ಮ ಇಸಿಜಿ ನೇರವಾಗಿ ಅಲ್ಲಿನ ಕರ್ತವ್ಯನಿರತ ಡಾಕ್ಟರ ಪರದೆಗೆ ಹೋಗುತ್ತದೆ. ಹಾಗೆಂದು ಮನೆಯಲ್ಲಿ ಎದೆನೋವು ಬಂದರೆ ನನಗಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಹಳೆಯ ಫೈಲುಗಳನ್ನು ನಿಮ್ಮ ಸಹಿ ಇಲ್ಲದೆ ಆಸ್ಪತ್ರೆಯ ಕಂಪ್ಯೂಟರಿಗೆ ಏರಿಸುವುದಿಲ್ಲ. ಬೇಡ ಎನ್ನುವವರು ತಮ್ಮ ಫೈಲನ್ನು ಒಯ್ಯಬಹುದು.

ಈ ಓಡಾಟದಲ್ಲಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಂತೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್, ಟಿಕಾಗ್ರೆಲರ್ ಮಾತ್ರೆಗಳನ್ನು ನನ್ನನ್ನು ಕೇಳದೆ ಒಂದು ದಿನವೂ ಬಿಡಬಾರದು. ಚೀಟಿ ಮುಗಿದಿದ್ದರೆ ಈ ವಾರವೇ ಹಳೆಯ ಜಾಗಕ್ಕೆ ಬನ್ನಿ, ಬರೆದುಕೊಡುತ್ತೇನೆ. ಅದಕ್ಕೆ ಶುಲ್ಕವಿಲ್ಲ.

ಇಂತಿ,
ನಿಮ್ಮ ಡಾಕ್ಟರು ಮತ್ತು ಸಿಬ್ಬಂದಿ
ಶಿವಮೊಗ್ಗ