ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಸರ್ಟಿಫಿಕೇಟ್ ಕೊಡೋ ಮುಂಚೆ ಕೈ ನೋಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ಆಂಬುಲೆನ್ಸ್ ಬರೋಕೆ ಮುಂಚೆ ಸ್ಪಾಟ್‌ಗೆ ಓಡ್ತಾರಲ್ಲ, ಪೊಲೀಸರು, ಫೈರ್‌ನೋರು, ವಾಲಂಟಿಯರ್‌ಗಳು, ಅಂಥ ಫಸ್ಟ್ ರೆಸ್ಪಾಂಡರ್‌ಗಳಿಗೆ ಟ್ರೈನಿಂಗ್ ಕೊಡೋದು ನನ್ನ ಕೆಲಸ. ಅವ್ರಿಗೆ ನಾವು ಕೊಡ್ತಿರೋ ಸರ್ಟಿಫಿಕೇಟ್ ಬಗ್ಗೆನೇ ಈ ಪತ್ರ ಬರೀತಿದೀನಿ.

ಒಂದ್ಸಲ ಒಂದು ಬ್ಯಾಚ್‌ಗೆ ಸಹಾಯಕ್ಕೆ ಅಂತ ಹೋಗಿದ್ದೆ. ನಲವತ್ತು ಜನಕ್ಕೆ ಎದೆ ಒತ್ತೋದನ್ನ ಪ್ರಾಕ್ಟೀಸ್ ಮಾಡೋಕೆ ಎರಡೇ ಗೊಂಬೆ. ಬೆಳಿಗ್ಗೆಯಿಂದ ಬರೀ ಸ್ಲೈಡು, ಸಂಜೆ ಎಲ್ರೂ ಲೈನಲ್ಲಿ ನಿಂತು ಒಬ್ಬೊಬ್ರು ಅರ್ಧರ್ಧ ನಿಮಿಷ ಎದೆ ಒತ್ತಿ ಎದ್ದು ಹೋದ್ರು. ಒಬ್ಬ ಹುಡುಗನ ಮೊಣಕೈ ಮಡಚ್ಕೊಂಡೇ ಇತ್ತು, ಸಾಕಷ್ಟು ಆಳಕ್ಕೆ ಒತ್ತಿದ್ರೆ ಗೊಂಬೆ ಒಳಗಿಂದ ಟಕ್ ಅಂತ ಸದ್ದು ಬರುತ್ತೆ, ಅವನಿಗೆ ಒಂದ್ಸಲನೂ ಬರ್ಲಿಲ್ಲ. ಕೈ ನೆಟ್ಟಗಿಟ್ಟು ಇನ್ನೊಂದ್ಸಲ ಮಾಡಪ್ಪ ಅನ್ನೋಷ್ಟ್ರಲ್ಲಿ ಹಿಂದಿದ್ದೋರು ಬಂದು ಮಂಡಿಯೂರಿ ಕೂತಾಗಿತ್ತು. ಅವನಿಗೂ ಸರ್ಟಿಫಿಕೇಟ್ ಸಿಕ್ತು, ಎರಡು ವರ್ಷ ವ್ಯಾಲಿಡಿಟಿ. ತಪ್ಪು ಆ ಹುಡುಗಂದಲ್ಲ, ತುಂಬಾ ಆಸಕ್ತಿಯಿಂದ ಬಂದಿದ್ದ.

ದೊಡ್ಡೋರಿಗೆ ಸಿಪಿಆರ್, ಅಂದ್ರೆ ಹೃದಯ ನಿಂತಾಗ ಎದೆ ಒತ್ತಿ ರಕ್ತ ಓಡಾಡ್ಸೋದು, ಮಾಡುವಾಗ ಎದೆ ಕನಿಷ್ಠ 5 ಸೆಂಟಿಮೀಟರ್ ಕೆಳಗಿಳೀಬೇಕು, 6 ದಾಟ್ಬಾರ್ದು, ನಿಮಿಷಕ್ಕೆ 100ರಿಂದ 120 ಸಲ, ಮತ್ತೆ ಪ್ರತಿ ಸಲನೂ ಎದೆ ಪೂರ್ತಿ ಮೇಲೆ ಬರೋಕೆ ಬಿಡ್ಬೇಕು ಇಲ್ಲಾಂದ್ರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬ್ಕೊಳಲ್ಲ. ಹೇಳೋಕೆ ಸುಲಭ. ಒಂದೆರಡು ನಿಮಿಷ ಆಗೋದ್ರೊಳಗೆ ಒತ್ತೋರಿಗೆ ಸುಸ್ತಾಗಿ ಆಳ ಕಮ್ಮಿ ಆಗ್ತಾ ಬರುತ್ತೆ, ಎಷ್ಟೋ ಸಲ ಅವ್ರಿಗೇ ಅದು ಗೊತ್ತಾಗಲ್ಲ, ಅದಕ್ಕೇ 2 ನಿಮಿಷಕ್ಕೊಮ್ಮೆ ಆಳು ಬದಲಾಗ್ಬೇಕು ಅನ್ನೋದು. ಅರ್ಧ ನಿಮಿಷದ ಟೆಸ್ಟಲ್ಲಿ ಇದೆಲ್ಲ ಎಲ್ಲಿ ಕಾಣುತ್ತೆ ಹೇಳಿ.

ಇನ್ನೊಂದು ವಿಷ್ಯ. ಹೃದಯ ನಿಂತ ಮೇಲೂ ಕೆಲವರು ಮೊದಲ ಕೆಲವು ನಿಮಿಷ ಗೊರಕೆ ತರ, ಬಾಯಿ ತೆರೆದು ಆಗಾಗ ಏದುಸಿರು ಎಳೀತಾರೆ. ಅದು ಉಸಿರಾಟ ಅಲ್ಲ. ಪೇಪರ್ ಮೇಲೆ ಕೇಳಿದ್ರೆ ಎಲ್ರೂ ಸರಿಯಾಗೇ ಟಿಕ್ ಹಾಕ್ತಾರೆ, ಸ್ಪಾಟಲ್ಲಿ ಅದನ್ನ ನೋಡಿದಾಗ "ಉಸಿರಾಡ್ತಿದಾರೆ ಬಿಡಿ" ಅಂತ ಕಾಯ್ತಾ ನಿಲ್ತಾರೆ. ಎಷ್ಟೋ ಸಲ ಹೃದಯಕ್ಕೆ ಕರೆಂಟ್ ಶಾಕ್ ಕೊಟ್ಟು ಸರಿ ಮಾಡ್ಬಹುದಾದ ಕೇಸೇ ಇರುತ್ತೆ, ಆದ್ರೆ ಸಿಪಿಆರ್ ಇಲ್ದೆ ಹೋಗೋ ಒಂದೊಂದು ನಿಮಿಷಕ್ಕೂ ಉಳಿಯೋ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಕುಸೀತಾ ಹೋಗುತ್ತೆ. ಹಾಗಾಗಿ ಟೆಸ್ಟಲ್ಲಿ ಅಂಥ ಉಸಿರಿನ ವಿಡಿಯೋ ತೋರ್ಸಿ, ಈಗ ಏನ್ ಮಾಡ್ತೀರಾ ಅಂತ ಕೇಳ್ಬೇಕು.

ಕಲಿತ ಮೇಲೆ ಕೈ ಮರೆಯೋದೂ ಬೇಗ. ಮೂರರಿಂದ ಆರು ತಿಂಗಳಲ್ಲೇ ಸಿಪಿಆರ್ ಕೌಶಲ ಇಳಿಯೋಕೆ ಶುರುವಾಗುತ್ತೆ ಅಂತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ, ನಾವು ನೋಡಿದ್ರೆ ಎರಡು ವರ್ಷಕ್ಕೊಂದ್ಸಲ ಕರೆದು ಮತ್ತದೇ ಸ್ಲೈಡ್ ತೋರಿಸ್ತೀವಿ.

ಅದಕ್ಕೇ ಕೇಳ್ಕೊಳ್ತಿದೀನಿ. ಆಳ, ವೇಗ ಅಳೆದು ತೋರ್ಸೋ ಗೊಂಬೆ ಮೇಲೆ ಪ್ರತಿಯೊಬ್ರೂ ಪೂರ್ತಿ 2 ನಿಮಿಷ ಒತ್ತಿ ಪಾಸಾಗ್ಬೇಕು ಅಂತ ನಿಯಮ ಮಾಡಿ. ಟೂರ್ನಿಕೆ, ಅಂದ್ರೆ ಜೋರಾಗಿ ಸುರಿಯೋ ರಕ್ತ ನಿಲ್ಸೋಕೆ ಕೈಕಾಲಿಗೆ ಬಿಗಿಯೋ ಪಟ್ಟಿ, ಬರೀ ಚಿತ್ರದಲ್ಲಿ ತೋರ್ಸೋದು ಸಾಲದು, ಗಾಯದಿಂದ ಮೇಲೆ, ಕೀಲಿನ ಮೇಲೆ ಬರದ ಹಾಗೆ ಬಿಗಿದು, ಕಟ್ಟಿದ ಟೈಮ್ ಬರೆಯೋವರೆಗೂ ಅವ್ರ ಕೈಲೇ ಮಾಡ್ಸಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಹತ್ತು ನಿಮಿಷದ ಪ್ರಾಕ್ಟೀಸ್ ಕಡ್ಡಾಯ ಮಾಡಿ, ಕೆಲಸದ ಜಾಗದಲ್ಲೇ ಆಗುತ್ತೆ ಅದು. ಕಲಿಸಿದೋರೇ ಪಾಸ್ ಮಾಡೋದನ್ನ ನಿಲ್ಸಿ. ನಮ್ಮಂಥ ಟ್ರೈನರ್‌ಗಳನ್ನೂ ಟೆಸ್ಟ್ ಮಾಡಿ, ಮೊದಲು ನಾನೇ ಬರ್ತೀನಿ.

ಇಷ್ಟು ಬಿಗಿ ಮಾಡಿದ್ರೆ ಜನ ಬರಲ್ಲ ಅಂತ ಕೆಲವರು ಅಂತಾರೆ. ದಾರೀಲಿ ಹೋಗೋ ಸಾಮಾನ್ಯ ಜನ ಎದೆ ಒತ್ತೋಕೆ ಯಾವ ಕಾರ್ಡೂ ಬೇಡ, ಅವ್ರನ್ನ ಹೆದರ್ಸೋ ನಿಯಮ ಖಂಡಿತ ಬೇಡ. ನಾನು ಹೇಳ್ತಿರೋದು ಯೂನಿಫಾರ್ಮ್ ಹಾಕ್ಕೊಂಡು ಬಂದು "ಸ್ವಲ್ಪ ಜಾಗ ಬಿಡಿ, ನಾವು ನೋಡ್ಕೋತೀವಿ" ಅನ್ನೋರ ಬಗ್ಗೆ.

ಮುಂದಿನ ಯಾವ್ದಾದ್ರೂ ಬ್ಯಾಚ್‌ನ ಕೊನೇ ದಿನ ದಯವಿಟ್ಟು ನೀವೇ ಬನ್ನಿ. ಸ್ಲೈಡ್ ಮುಗಿದ ಮೇಲೆ ಗೊಂಬೆ ಪಕ್ಕ ಮಂಡಿಯೂರಿ ಕೂತು, ಎಷ್ಟು ಜನರ ಕೈಗೆ ಆ ಟಕ್ ಸದ್ದು ಬರುತ್ತೆ ಅಂತ ಎಣಿಸಿ ನೋಡಿ.

ಇಂತಿ,
ಒಬ್ಬ ಟ್ರೈನರ್